ಆಸ್ಪತ್ರೆಯಲ್ಲಿ ರೋಗಿಯ ಜೊತೆ ಇರುವವರಿಗೆ

ಮನೆಯವರನ್ನು ಐಸಿಯುಗೆ ಸೇರಿಸಿ ಹೊರಗೆ ಕಾಯುವವರು ಊಟ, ನಿದ್ದೆ ಎರಡನ್ನೂ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎದೆ ಡವಡವ ಅಂದಾಗ ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಐದು ನಿಮಿಷ ಸಾಕು. ಉಸಿರು ಬಿಡುವಾಗ ಎದೆಬಡಿತ ತಾನಾಗೇ ಸ್ವಲ್ಪ ಇಳಿಯುತ್ತದೆ, ಅದಕ್ಕೇ ಬಿಡುವ ಹೊತ್ತು ಜಾಸ್ತಿ ಇರಬೇಕು. ತಲೆಸುತ್ತು ಬಂದರೆ ನಿಲ್ಲಿಸಿ.

ಸುಮ್ನೆ ಕಾಫಿ ಮೇಲೆ ಕಾಫಿ ಕುಡಿಯಬೇಡಿ. ಅದರಲ್ಲಿ ನಿದ್ದೆ ಕೆಡಿಸುವ ಕೆಫೀನ್ ಇದೆ, ಅದರ ಸುಮಾರು ಅರ್ಧದಷ್ಟು ಐದು ಗಂಟೆ ಆದ ಮೇಲೂ ಮೈಯಲ್ಲೇ ಇರುತ್ತದೆ. ಸಂಜೆ ಮೇಲೆ ಮಜ್ಜಿಗೆ ಒಳ್ಳೆಯದು. ಇಡ್ಲಿಯೋ ಮೊಸರನ್ನವೋ, ಹೊತ್ತಿಗೆ ಸರಿಯಾಗಿ ತಿನ್ನಿ. ರಾತ್ರಿ ಆಸ್ಪತ್ರೆಯಲ್ಲಿ ಉಳಿಯುವುದನ್ನು ಮನೆಯವರೆಲ್ಲ ಸರದಿ ಮೇಲೆ ಹಂಚಿಕೊಳ್ಳಿ, ಕೇಳೋಕೆ ಸಂಕೋಚ ಬೇಡ.

ತಡೆಯಲಾರದಷ್ಟು ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.