ಮೊದಲು ಕಾರು ತಗ್ಗಿಸಿ, ಸ್ಪೇಸರ್ ಆಮೇಲೆ ತಗೊಳ್ಳಿ

ಟೊಯೋಟಾ ಜಿಆರ್86 ಅಥವಾ ಅದರ ಅವಳಿ ಸುಬಾರು ಬಿಆರ್‌ಝಡ್ ಕೊಂಡವರಲ್ಲಿ ಬಹಳಷ್ಟು ಜನರಿಗೆ ಮೊದಲ ವಾರದಲ್ಲೇ ಒಂದು ಕಿರಿಕಿರಿ ಶುರುವಾಗುತ್ತದೆ. ಚಕ್ರ ಬಾಡಿಯ ಒಳಗೆ ಅಡಗಿ ಕೂತಂತೆ ಕಾಣುತ್ತದೆ, ಟೈರ್ ಮತ್ತು ಫೆಂಡರ್ ನಡುವೆ ದೊಡ್ಡ ಸಂದು. ಸರಿ, ರಾತ್ರಿ ಕೂತು 25 ಮಿ.ಮೀ. ಸ್ಪೇಸರ್, ಅಂದರೆ ಚಕ್ರವನ್ನು ಹೊರಕ್ಕೆ ತಳ್ಳಲು ಅದರ ಹಿಂದೆ ಕೂರಿಸುವ ಲೋಹದ ತಟ್ಟೆ, ಆರ್ಡರ್ ಮಾಡಿಬಿಡುತ್ತಾರೆ. ಕಾರು ತಗ್ಗಿಸುವ ಸ್ಪ್ರಿಂಗ್ ಮುಂದಿನ ತಿಂಗಳ ಸಂಬಳಕ್ಕೆ. ಈ ಕ್ರಮವೇ ತಪ್ಪು. ಕಾರು ತಗ್ಗಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಫೆಂಡರ್ ಅಂಚು ಕೆಳಗೆ ಬರುತ್ತದೆ, ಹಾಗಾಗಿ ಮೊದಲು ತೆಗೆದ ಅಳತೆ ಯಾವುದೂ ಆಮೇಲೆ ಹೊಂದುವುದಿಲ್ಲ.

ಈ ಕಾರು ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ. ಅಮೆರಿಕ, ಆಸ್ಟ್ರೇಲಿಯಾ ಕಡೆ ಇರುವ ನಮ್ಮವರಿಗೆ ಇದು ಹೆಚ್ಚು ಉಪಯೋಗ. ಆದರೆ ಲೆಕ್ಕ ಹಾಕುವ ರೀತಿ ಯಾವ ಸ್ಪೋರ್ಟ್ಸ್ ಕಾರಿಗೂ ಒಂದೇ.

ಎಷ್ಟು ತಗ್ಗಿಸಬೇಕು?

ಇಲ್ಲಿಂದ ಶುರು ಮಾಡಿ. ದಿನಾ ಓಡಿಸುವ ಕಾರಾದರೆ 20ರಿಂದ 25 ಮಿ.ಮೀ. ಸಾಕು. ನೋಡೋಕೆ ಇನ್ನೂ ಜಾಸ್ತಿ ಬೇಕು ಅನಿಸುತ್ತದೆ, ನಿಜ, ಆದರೆ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡಿ. ಮುಂದಿನ ಸಸ್ಪೆನ್ಶನ್ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಒಂದೇ ಕಂಬದಲ್ಲಿರುವ ಜೋಡಣೆ. ಅದರ ಕೆಳಗಿನ ತೋಳು ಹೆಚ್ಚುಕಮ್ಮಿ ಅಡ್ಡಡ್ಡ ಇರುವವರೆಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರನ್ನು ವಿಪರೀತ ತಗ್ಗಿಸಿದರೆ ಆ ತೋಳು ಚಕ್ರದ ಕಡೆಗೆ ಮೇಲ್ಮುಖವಾಗಿ ಏಳುತ್ತದೆ. ಆಗ ಕಾರು ಹೊರಳುವ ಕೇಂದ್ರ, ಅಂದರೆ ರೋಲ್ ಸೆಂಟರ್, ಕಾರಿನ ತೂಕದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಫಲಿತಾಂಶ ವಿಚಿತ್ರ: ತಗ್ಗಿಸಿದ ಕಾರು ತಿರುವಿನಲ್ಲಿ ಕಡಿಮೆ ಹೊರಳಬೇಕು ಅಲ್ವಾ, ಆದರೆ ಹೊರಳಿಸುವ ಬಲವೇ ಹೆಚ್ಚಾಗುತ್ತದೆ. ಅದನ್ನು ಮುಚ್ಚಲು ಗಟ್ಟಿ ಸ್ಪ್ರಿಂಗ್ ಬೇಕು, ಗಟ್ಟಿ ಸ್ಪ್ರಿಂಗಿಗೆ ತಕ್ಕ ಡ್ಯಾಂಪರ್ ಬೇಕು, ರೋಲ್ ಸೆಂಟರ್ ಸರಿಪಡಿಸಲು ಆ ತೋಳನ್ನು ಚಕ್ರದ ಕಡೆ ಜೋಡಿಸುವ ಉದ್ದದ ಬಾಲ್ ಜಾಯಿಂಟ್ ಬೇಕು. ಖರ್ಚು ಹೀಗೇ ಬೆಳೆಯುತ್ತದೆ.

ಇನ್ನೊಂದು ವಿಷಯ. 25 ಮಿ.ಮೀ. ತಗ್ಗಿಸಿದರೆ ಚಕ್ರ ಮೇಲೇಳಲು ಇರುವ ಜಾಗವೂ ಸುಮಾರು ಅಷ್ಟೇ ಕಡಿಮೆಯಾಗುತ್ತದೆ. ಮೂಲ ಡ್ಯಾಂಪರ್ ಮೇಲೆ 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿದರೆ ಸಣ್ಣ ಹಂಪ್‌ಗೂ ಬಂಪ್ ಸ್ಟಾಪ್ ರಬ್ಬರಿಗೆ ಹೋಗಿ ಬಡಿಯುತ್ತದೆ. ತಿರುವಿನ ಮಧ್ಯೆ ಹಾಗಾದರೆ ಆ ಚಕ್ರದ ಹಿಡಿತ ಥಟ್ಟನೆ ಹೋಗುತ್ತದೆ. ಇದನ್ನು ಪರೀಕ್ಷಿಸಲು ಸುಲಭ ದಾರಿ ಇದೆ: ಡ್ಯಾಂಪರ್ ದಂಡಕ್ಕೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿ, ನಿಮ್ಮ ಮಾಮೂಲಿ ದಾರಿಯಲ್ಲಿ ಓಡಿಸಿ ಬನ್ನಿ, ಅದು ಎಲ್ಲಿಯವರೆಗೆ ತಳ್ಳಲ್ಪಟ್ಟಿದೆ ನೋಡಿ.

ಬರೀ ಸ್ಪ್ರಿಂಗಾ, ಕಾಯಿಲ್‌ಓವರಾ (ಸ್ಪ್ರಿಂಗ್, ಡ್ಯಾಂಪರ್ ಎರಡೂ ಸೇರಿದ, ಎತ್ತರ ಹೊಂದಿಸಬಹುದಾದ ಸೆಟ್)? ಡ್ಯಾಂಪರ್ ಹೊಸದಾಗಿದ್ದು, ನಿಮಗೆ ಒಂದೇ ಎತ್ತರ ಸಾಕು ಅನ್ನುವುದಾದರೆ ಒಳ್ಳೆ ಹೆಸರಿನ ಸ್ಪ್ರಿಂಗ್ ಸೆಟ್ ತಗೊಂಡು ಸುಮ್ನಿರಿ. ಟ್ರ್ಯಾಕ್‌ಗೆ ಹೋಗುವವರು, ಎತ್ತರ ಬದಲಿಸುತ್ತಾ ಇರುವವರು ಕಾಯಿಲ್‌ಓವರ್ ನೋಡಲಿ. ಅಗ್ಗದ ಕಾಯಿಲ್‌ಓವರಿಗಿಂತ ಒಳ್ಳೆಯ ಸ್ಪ್ರಿಂಗ್ ಮೇಲು, ಈ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಕಾಯಿಲ್‌ಓವರ್ ತಗೊಂಡರೂ ಸ್ಪ್ರಿಂಗನ್ನು ಒತ್ತಿ ಸಡಿಲಿಸಿ ಎತ್ತರ ಹೊಂದಿಸುವ ಮಾದರಿ ಬೇಡ, ಕೆಳಗಿನ ಬ್ರಾಕೆಟ್ ತಿರುಗಿಸಿ ಹೊಂದಿಸುವಂಥದ್ದು ತಗೊಳ್ಳಿ. ಆಗ ಎತ್ತರ ಬದಲಾದರೂ ಡ್ಯಾಂಪರಿನ ಓಡಾಟ ಹಾಗೇ ಉಳಿಯುತ್ತದೆ.

ಕೂರಿಸುವಾಗ ಗ್ಯಾರೇಜಿನವರು ಆಗಾಗ ಬಿಟ್ಟುಬಿಡುವ ಕೆಲಸ ಒಂದಿದೆ. ಸಸ್ಪೆನ್ಶನ್ ತೋಳುಗಳ ರಬ್ಬರ್ ಬುಶ್ ಬೋಲ್ಟ್ ಸಡಿಲಿಸಿದ್ದರೆ, ಕಾರು ಗಾಳಿಯಲ್ಲಿ ನೇತಾಡುತ್ತಿರುವಾಗ ಅದನ್ನು ಪೂರ್ತಿ ಬಿಗಿಯಬಾರದು. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಅಲೈನ್‌ಮೆಂಟ್, ಆಮೇಲೆ ಅಳತೆ

ಹೊಸ ಸ್ಪ್ರಿಂಗ್ ಕೂತುಕೊಳ್ಳಲು ಕೆಲವು ನೂರು ಕಿಲೋಮೀಟರ್ ಬಿಡಿ. ಆಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವುದು. ತಗ್ಗಿಸಿದಾಗ ಈ ಕಾರಿನ ಹಿಂದಿನ ಚಕ್ರ ಮುಂದಿನದಕ್ಕಿಂತ ಹೆಚ್ಚು ವಾಲುತ್ತದೆ. ಹಿಂದೆ ಡಬಲ್ ವಿಶ್‌ಬೋನ್, ಅಂದರೆ ಮೇಲೆ ಕೆಳಗೆ ತೋಳುಗಳಿರುವ ಸಸ್ಪೆನ್ಶನ್, ಅದರ ಸ್ವಭಾವವೇ ಹಾಗೆ. ಹಿಂದೆ ಹಿಡಿತ, ಮುಂದೆ ಜಾರಾಟ, ಅಂದರೆ ಕಾರು ತಿರುಗಲು ಮೊದಲಿಗಿಂತ ಮೊಂಡು. ಫ್ಯಾಕ್ಟರಿ ಸ್ಥಿತಿಯಲ್ಲಿ ಹಿಂದೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಹೊಂದಿಸಬಹುದು, ಕ್ಯಾಂಬರ್ (ಚಕ್ರ ವಾಲಿರುವ ಕೋನ, ಒಳಕ್ಕೆ ವಾಲಿದರೆ ಮೈನಸ್) ಹೊಂದಿಸಲು ಬರುವುದಿಲ್ಲ. ಹೊಂದಿಸಬಹುದಾದ ಕೆಳತೋಳು ಹಾಕಬೇಕು. ಮುಂದೆ ಸ್ಟ್ರಟ್‌ಗೆ ಕ್ಯಾಂಬರ್ ಬೋಲ್ಟ್ ಸಾಕು. ರಸ್ತೆಗೆ ಕ್ಯಾಂಬರ್ ಮುಂದೆ ಹಿಂದೆ ಎರಡೂ ಮೈನಸ್ 1.5 ಡಿಗ್ರಿ ಆಸುಪಾಸು, ಮುಂದೆ ಟೋ ಸೊನ್ನೆ, ಹಿಂದೆ ಚೂರು ಟೋ ಇನ್. ಹೆಡ್‌ಲೈಟ್ ಬೆಳಕಿನ ಮಟ್ಟವನ್ನೂ ಅದೇ ದಿನ ನೋಡಿಸಿ. ಗಾಜಿನ ಮೇಲೆ ಕ್ಯಾಮೆರಾ ಇರುವ ಕಾರಾದರೆ, ಎತ್ತರ ಬದಲಿಸುವ ಬಗ್ಗೆ ಕೈಪಿಡಿಯಲ್ಲಿ ಏನಿದೆ ಅಂತ ಓದಿ.

ಈಗ ಸ್ಪೇಸರ್ ಲೆಕ್ಕ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಫೆಂಡರ್ ಅಂಚಿನಿಂದ ತೂಕ ಕಟ್ಟಿದ ದಾರ ಇಳಿಬಿಡಿ. ದಾರದಿಂದ ಟೈರಿನ ಹೊರಮೈ ಎಷ್ಟು ಒಳಗಿದೆ, ನಾಲ್ಕೂ ಕಡೆ ಬರೆದುಕೊಳ್ಳಿ. ಎಡ ಬಲ ಒಂದೇ ಬರದಿದ್ದರೆ ಗಾಬರಿ ಬೇಡ, ಕಡಿಮೆ ಬಂದ ಕಡೆಯದನ್ನೇ ಹಿಡಿಯಿರಿ. ಅದರಲ್ಲಿ 5 ಮಿ.ಮೀ. ಕಳೆಯಿರಿ. ಉಳಿದದ್ದೇ ನಿಮ್ಮ ಮಿತಿ.

ಜಿಆರ್86ರಲ್ಲಿ 18 ಇಂಚಿನ ಮೂಲ ರಿಮ್ 7.5 ಇಂಚು ಅಗಲ, ಆಫ್‌ಸೆಟ್ (ರಿಮ್‌ನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕೆ ಇರುವ ಮಿ.ಮೀ. ದೂರ) ಪ್ಲಸ್ 48. ಅದಕ್ಕೆ 15 ಮಿ.ಮೀ. ಸ್ಪೇಸರ್ ಹಾಕಿದರೆ ಪ್ಲಸ್ 33 ಆದಂತೆ. ಎರಡೂ ಕಡೆ ಹಾಕಿದ್ದರಿಂದ ಚಕ್ರಗಳ ನಡುವಿನ ಅಂತರ 30 ಮಿ.ಮೀ. ಹೆಚ್ಚು. ಕೆಲವರು ಇದರಿಂದ ಹಿಡಿತ ಭಾರೀ ಹೆಚ್ಚುತ್ತದೆ ಅಂತಾರೆ. ಸ್ವಲ್ಪ ಹೆಚ್ಚಬಹುದು, ಆದರೆ ಸ್ಟಿಯರಿಂಗ್ ಅಕ್ಷದಿಂದ ಟೈರ್ ದೂರ ಹೋಗಿರುವುದರಿಂದ ಗುಂಡಿ ಬಿದ್ದಾಗ ಸ್ಟಿಯರಿಂಗ್ ಕೈಗೆ ಒದೆಯುವುದೂ ಹೆಚ್ಚುತ್ತದೆ. ಬೇರಿಂಗ್ ಮೇಲಿನ ಹೊರೆಯೂ ಅಷ್ಟೇ. ನನ್ನ ಪ್ರಕಾರ ಸ್ಪೇಸರ್ ಹಾಕುವುದು ಅಂದಕ್ಕೆ. ಹಾಗಂತ ಒಪ್ಪಿಕೊಂಡು ಹಾಕಿದರೆ ಆಯ್ಕೆ ಸುಲಭ.

ಕೊಳ್ಳುವಾಗ ನೋಡಬೇಕಾದ್ದು: ಬೋಲ್ಟ್ ಮಾದರಿ 5×100 (100 ಮಿ.ಮೀ. ವೃತ್ತದಲ್ಲಿ ಐದು), ಮಧ್ಯದ ರಂಧ್ರ 56.1 ಮಿ.ಮೀ., ಸ್ಟಡ್, ಅಂದರೆ ಚಕ್ರ ಕೂರುವ ಹಬ್‌ನಿಂದ ಹೊರಚಾಚಿ ನಟ್ ಹಿಡಿಯುವ ಬೋಲ್ಟ್, ಎಂ12×1.25 (12 ಮಿ.ಮೀ. ದಪ್ಪ, ಮರೆ ಅಂದರೆ ತಿರುಪು ಸುತ್ತುಗಳ ನಡುವೆ 1.25 ಮಿ.ಮೀ.). ಸ್ಪೇಸರ್ ಹಬ್ ಮೇಲೆ ಸರಿಯಾಗಿ ಕೂರಬೇಕು, ಅದರ ಹೊರಮುಖದಲ್ಲೂ 56.1ರ ಅಂಚು ಎದ್ದಿರಬೇಕು, ರಿಮ್ ಅದರ ಮೇಲೆ ಕೂರುತ್ತದೆ. ಆ ಅಂಚು ಇಲ್ಲದ ಅಗ್ಗದ ತಟ್ಟೆಗಳು ವೇಗದಲ್ಲಿ ಸ್ಟಿಯರಿಂಗ್ ನಡುಗಿಸುತ್ತವೆ. ಲೋಹ 6061 ಅಥವಾ 7075 ಅಲ್ಯೂಮಿನಿಯಂ ಅಂತ ಸ್ಪಷ್ಟವಾಗಿ ಬರೆದಿರಲಿ.

ತೆಳು ಸ್ಪೇಸರಿನಲ್ಲಿ ಅಪಾಯ ಬೇರೆ. ಅದು ಸ್ಟಡ್‌ನ ಉದ್ದ ತಿನ್ನುತ್ತದೆ. ನಟ್ ಸ್ಟಡ್ ಮೇಲೆ ಕನಿಷ್ಠ ಸ್ಟಡ್‌ನ ದಪ್ಪದಷ್ಟು, ಇಲ್ಲಿ 12 ಮಿ.ಮೀ., ಹತ್ತಿರಬೇಕು. 1.25 ಮರೆಗೆ ಅದು ಸುಮಾರು ಹತ್ತು ಸುತ್ತು. ಕೈಯಲ್ಲಿ ತಿರುಗಿಸುತ್ತಾ ಎಣಿಸಿ, ಅಷ್ಟು ಬರದಿದ್ದರೆ ಉದ್ದದ ಸ್ಟಡ್ ಹಾಕಿಸದೆ ಓಡಿಸಬೇಡಿ. 20 ಮಿ.ಮೀ. ದಾಟಿದರೆ ತನ್ನದೇ ಸ್ಟಡ್ ಇರುವ, ಹಬ್‌ಗೆ ಬೋಲ್ಟ್ ಮಾಡುವ ಮಾದರಿ ಒಳ್ಳೆಯದು. 15ರದ್ದೂ ಸಿಗುತ್ತದೆ, ಆದರೆ ಕಾರಿನ ಹಳೆ ಸ್ಟಡ್ ತುದಿ ಅದರಿಂದ ಹೊರಗೆ ಇಣುಕುತ್ತದೆ. ರಿಮ್ ಹಿಂಬದಿಯಲ್ಲಿ ಅದಕ್ಕೆ ಗುಳಿ ಇದ್ದರೆ ಮಾತ್ರ ಚಕ್ರ ಸಪಾಟಾಗಿ ಕೂರುತ್ತದೆ. ಒಂದರ ಮೇಲೊಂದು ಎರಡು ಸ್ಪೇಸರ್ ಹಾಕುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ.

ಹಾಕುವ ಮೊದಲು ಹಬ್ ಮುಖದ ತುಕ್ಕನ್ನು ತಂತಿ ಬ್ರಶ್‌ನಿಂದ ಉಜ್ಜಿ. ಮರೆಗೆ ಗ್ರೀಸ್ ಬೇಡ. ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ ಟಾರ್ಕ್ ರೆಂಚ್‌ನಿಂದ 120 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಸ್ಪೇಸರ್ ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಒಳಗಿನ ನಟ್‌ಗಳಿಗೆ ಅದು. ನಂತರ ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ ನೋಡಿ. ಹಿಂದಿನ ಸೀಟಿನಲ್ಲಿ ಭಾರ ಇಟ್ಟು ಒಂದು ರೌಂಡ್ ಹೋಗಿ, ಫೆಂಡರ್ ಒಳಗೆ ಉಜ್ಜಿದ ಗುರುತು ಹುಡುಕಿ.

ಕಾನೂನು ಜಾಗಕ್ಕೊಂದು. ಜರ್ಮನಿಯಲ್ಲಿ ಸ್ಪ್ರಿಂಗ್ ಮತ್ತು ಸ್ಪೇಸರ್ ಒಟ್ಟಿಗೆ ಹಾಕಿದರೆ ಟ್ಯೂಫ್‌ನಂಥ ವಾಹನ ತಪಾಸಣೆ ಸಂಸ್ಥೆಯಲ್ಲಿ ತೋರಿಸಿ ದಾಖಲಿಸಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಲ್ಲಿ ಇನ್ನೂ ಬಿಗಿ. ಎಲ್ಲೇ ಇದ್ದರೂ ವಿಮೆ ಕಂಪನಿಗೆ ಮೊದಲೇ ಬರೆದು ತಿಳಿಸಿ.

80ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಚಕ್ರ ತೆಗೆದು ಸ್ಪೇಸರಿನ ನಟ್ ಮತ್ತೆ ಟಾರ್ಕ್ ಮಾಡಿ, ಆಮೇಲೆ ಚಕ್ರದ್ದು. ಟೈರ್ ಅಂಗಡಿಗೆ ಹೋದಾಗಲೂ ಸ್ಪೇಸರ್ ಇದೆ ಅಂತ ಮೊದಲೇ ಹೇಳಿ, ಇಂಪ್ಯಾಕ್ಟ್ ಗನ್ ಹಿಡಿದು ಬಂದರೆ ತಡೆದು ಕೈ ರೆಂಚ್‌ನಲ್ಲೇ ಮುಗಿಸಿ ಅನ್ನಿ.