ರೈಸ್‌ಮಿಲ್ ವೇಬ್ರಿಡ್ಜ್‌ನ ಹಳೇ ಪೆಂಟಿಯಂ ಮತ್ತ ಎಬ್ಬಿಸೋದು ಹೆಂಗ

ಗಂಗಾವತಿ, ಕಾರಟಗಿ ಕಡೆ ರೈಸ್‌ಮಿಲ್‌ಗಳಾಗ ವೇಬ್ರಿಡ್ಜ್ (ಗಾಡಿ ಸಮೇತ ತೂಗೋ ಕಾಟಾ) ರೂಮಿಗೆ ಹೋದ್ರ ಇನ್ನೂ ಪೆಂಟಿಯಂ 3 ಕಂಪ್ಯೂಟರ್ ಸಿಗತಾವ ನೋಡ್ರಿ, ವಿಂಡೋಸ್ 98, ಅದರಾಗ ತೂಕ ಬರಕೊಳ್ಳೋ ಒಂದು ಡಾಸ್ (ವಿಂಡೋಸ್‌ಗಿಂತ ಹಳೇ ವ್ಯವಸ್ಥೆ) ಪ್ರೋಗ್ರಾಂ, ಬಾಜೂಕ ಕಿರ್ರ್ ಅನ್ನೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಹೊಸಾದು ತಗೊಳ್ರಿ ಅಂತ ಹೇಳೋದು ಸರಳ, ಆದ್ರ ಆ ಪ್ರೋಗ್ರಾಂ ಕಾಟಾದಿಂದ ತೂಕ ಬರೋ ಸೀರಿಯಲ್ ಪೋರ್ಟನ್ನ ನೇರಾನೇರ ಹಿಡಿತೈತಿ, ಯುಎಸ್‌ಬಿ ಕನ್ವರ್ಟರ್ ಹಾಕಿದ್ರ ಅದಕ್ಕ ಕಾಣೂದೇ ಇಲ್ಲ, ಬರೆದಾಂವ ಈಗ ಎಲ್ಲಿ ಅದಾನ ಅಂತ ಮಾಲಕರಿಗೂ ಗೊತ್ತಿಲ್ಲ. ಹಂಗಾಗಿ ರಿಪೇರಿನೇ ಗತಿ.

ಮೊದಲನೇ ಮಾತು, ಹೋದ ಕೂಡ್ಲೇ ಸ್ವಿಚ್ ಒತ್ತಬ್ಯಾಡ್ರಿ. ನಾ ಒಮ್ಮೆ ಒತ್ತೀನಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತ ನಾಕು ಸಲ ಬಡಕೊಂಡು ಸುಮ್ಮನಾತು, ಎರಡು ಸುಗ್ಗಿ ತೂಕದ ಲೆಕ್ಕ ಹೋತು, ಮಾಲಕರು ಬೈಲಿಲ್ಲ, ಚಾ ಕೊಟ್ರು, ಅದ ಹೆಚ್ಚು ಸಂಕಟ ಆತು. ಈಗ ಮೊದಲ ಡಿಸ್ಕ್ ಬಿಚ್ಚಿ, ಐಡಿಇ (ಹಳೇ ಡಿಸ್ಕಿನ ಜೋಡಣಿ) ಟು ಯುಎಸ್‌ಬಿ ಅಡಾಪ್ಟರ್‌ನಿಂದ ಲ್ಯಾಪ್‌ಟಾಪಿಗೆ ಹಚ್ಚಿ, ಲಿನಕ್ಸ್‌ನಾಗ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಹಾಕಿ ಪೂರ್ತಿ ಇಮೇಜ್, ಅಂದ್ರ ಡಿಸ್ಕಿನ ತದ್ರೂಪ ನಕಲು, ತಗೋತೀನಿ. ಅದು ಚೊಲೋ ಇರೋ ಜಾಗ ಮೊದಲ ಓದಿ ಕೆಟ್ಟ ಸೆಕ್ಟರ್‌ನ ಕಡೀಕ ಇಟ್ಕೋತೈತಿ, ಸಾಯೋ ಡಿಸ್ಕಿಗೆ ಅದ ಬೇಕು.

ಆಮ್ಯಾಲ ಧೂಳು. ನಮ್ಮ ಕಡೆ ಧೂಳಂದ್ರ ಬರೇ ಮಣ್ಣಲ್ಲ, ತೌಡು. ತೌಡಿನಾಗ ಎಣ್ಣಿ ಅಂಶ ಇರತೈತಿ, ಮಳಿಗಾಲದ ತಂಪಿಗೆ ಸೇರಿ ಬೋರ್ಡಿಗೆ ರೊಟ್ಟಿ ಹಂಗ ಅಂಟಿರತೈತಿ, ಬ್ಲೋವರ್ ಒಂದಕ್ಕ ಬಗ್ಗೂದಿಲ್ಲ. ಬ್ಲೋವರ್ ಹಿಡಿಯೋವಾಗ ಫ್ಯಾನನ್ನ ಬೆರಳಿಂದ ತಡೀರಿ, ಬಿಟ್ರ ಗರಗರ ತಿರುಗಿ ಬೇರಿಂಗ್ ಹೋಗತೈತಿ. ಉಳಿದದ್ದಕ್ಕ ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತನ್ನ ಬ್ರಶ್. ರ‍್ಯಾಮ್ ಕಾಲಿಗೆ ಪೆನ್ಸಿಲ್ ರಬ್ಬರ್ ತಿಕ್ಕಿದ್ರ ಸಾಕು, ಚಾಲೂ ಮಾಡಿದಾಗ ಬರೇ ಬೀಪ್ ಅನ್ನೋ ಕಂಪ್ಲೇಂಟ್ ಅರ್ಧ ಅಲ್ಲೇ ಮುಗೀತಾವ.

ಪ್ರೊಸೆಸರ್ ಸುತ್ತ ಇರೋ ಕ್ಯಾಪಾಸಿಟರ್ ತಲಿ ಉಬ್ಬ್ಯಾವೇನು ನೋಡ್ರಿ. 2000ದ ಆಚೀಚೆ ಬಂದ ಬೋರ್ಡ್‌ಗಳಾಗ ಕೆಟ್ಟ ಎಲೆಕ್ಟ್ರೊಲೈಟ್ ಇದ್ದ ಮಾಲು ಭಾಳ ಬಂದಿತ್ತು. ಬದಲಿ ಹಾಕೋವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿ, ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮಿ ಇರೋದು). ಬಿಚ್ಚೋ ಮೊದಲ ಮೈನಸ್ ಪಟ್ಟಿ ಯಾವ ಕಡೆ ಇತ್ತಂತ ಫೋಟೊ ಹೊಡಕೊಳ್ರಿ, ಬೋರ್ಡ್ ಮ್ಯಾಲಿನ ಗುರುತು ನಂಬಬ್ಯಾಡ್ರಿ, ಕೆಲವು ಕಂಪನಿಯವು ಉಲ್ಟಾ ಛಾಪ್ಸಿರತಾವ.

ಎಸ್‌ಎಂಪಿಎಸ್ (ಬೋರ್ಡಿಗೆ ಕರೆಂಟು ಕೊಡೋ ಡಬ್ಬಿ) ಬಿಚ್ಚಬ್ಯಾಡ್ರಿ, ಪ್ಲಗ್ ತೆಗೆದ ಮ್ಯಾಲೂ ಒಳಗಿನ ಕ್ಯಾಪಾಸಿಟರ್‌ನಾಗ 300 ವೋಲ್ಟ್ ಮ್ಯಾಲ ನಿಂತಿರಬಹುದು. ಹೊಸಾದು ಹಾಕ್ರಿ. ಅದರ 24 ಪಿನ್ ಪ್ಲಗ್ 20+4 ಅಂತ ಬಿಚ್ಚಿಕೊಳ್ಳೋದು ಇದ್ರ ಹಳೇ ಬೋರ್ಡಿಗೆ ಕೂಡತೈತಿ, ಆದ್ರ ಪೆಂಟಿಯಂ 3 ಬೋರ್ಡ್ ಪ್ರೊಸೆಸರಿಗೆ ಕರೆಂಟು ಸಾಮಾನ್ಯ 5 ವೋಲ್ಟ್ ಲೈನಿಂದ ಎಳಿತೈತಿ, ಈಗಿನವು 12 ವೋಲ್ಟಿನ್ಯಾಗ ಜೋರು, 5ರಾಗ ಬಡವ, ಲೇಬಲ್ ಓದಿ ತಗೊಳ್ರಿ.

ಬ್ಯಾಟರಿ ಸಿಆರ್2032, ಅದನ್ನ ಹಂಗ ತೆಗಿಬ್ಯಾಡ್ರಿ, ತೆಗೆದ್ರ ಬಯೋಸ್ (ಬೋರ್ಡಿನ ಸೆಟ್ಟಿಂಗ್) ಅಳಿಸಿ ಹೋಗತೈತಿ, ಮೊದಲ ಬಯೋಸ್ ಪರದೆ ಎಲ್ಲಾ ಮೊಬೈಲ್‌ನಾಗ ಫೋಟೊ ತಗೊಳ್ರಿ. ಕಾಮ್1 (ಮೊದಲನೇ ಸೀರಿಯಲ್ ಪೋರ್ಟ್) ವಿಳಾಸ ಸಾಮಾನ್ಯ 3ಎಫ್8, ಐಆರ್‌ಕ್ಯೂ 4, ಅದು ಬದಲಾದ್ರ ತೂಕ ಬರೂದಿಲ್ಲ, ಮಂದಿ ವೇಬ್ರಿಡ್ಜ್ ಕೆಟ್ಟೈತಿ ಅಂತ ಅದರವರನ್ನ ಕರಸ್ತಾರ.

ಅಪ್‌ಗ್ರೇಡ್ ಅಂದ್ರ ನಾ ಮಾಡೋದು ಒಂದ, ಡಿಸ್ಕ್ ಜಾಗಕ್ಕ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್. ಅದು ಐಡಿಇ ಭಾಷೆನೇ ಮಾತಾಡತೈತಿ, ಅಡಾಪ್ಟರ್ ಬರೇ ಪಿನ್ ಕೂಡಿಸತೈತಿ ಅಷ್ಟ. ಡಿಸ್ಕ್ 4 ಜಿಬಿದು ಇದ್ರ 8 ಜಿಬಿ ಕಾರ್ಡ್ ಸಾಕು, ಹಳೇ ಬಯೋಸ್ ಕೆಲವು 8.4 ಜಿಬಿ ಮ್ಯಾಲ ನೋಡೂದೇ ಇಲ್ಲ. ಇಮೇಜ್ ಬರೆದು ಅಡಾಪ್ಟರ್‌ನ ಜಂಪರ್ (ಪಿನ್ ಮ್ಯಾಲಿನ ಸಣ್ಣ ಟೊಪ್ಪಿಗಿ) ಮಾಸ್ಟರಿಗೆ ಇಟ್ಟು ಬೂಟ್ ಮಾಡ್ರಿ. ರ‍್ಯಾಮ್ ಜಾಸ್ತಿ ತುಂಬಬ್ಯಾಡ್ರಿ, 512 ಎಂಬಿ ದಾಟಿದ್ರ ವಿಂಡೋಸ್ 98 ತಕರಾರು ತಗೀತೈತಿ.

ಕಡೀಕ ಸೀರಿಯಲ್ ಪೋರ್ಟಿನ 2, 3ನೇ ಪಿನ್ ಒಂದು ವೈರ್‌ನಿಂದ ಕೂಡಿಸಿ, ಹೈಪರ್‌ಟರ್ಮಿನಲ್‌ನಾಗ ಫ್ಲೋ ಕಂಟ್ರೋಲ್ None ಇಟ್ಟು, ಅಕ್ಷರ ಒತ್ತಿ ನೋಡ್ರಿ, ಅದೇ ವಾಪಸ್ ಬಂದ್ರ ಪೋರ್ಟ್ ಸರಿ ಐತಿ. ವೈರ್ ತೆಗೆದು ಕೇಬಲ್ ಹಚ್ಚಿ ಒಂದು ಖಾಲಿ ಟ್ರ್ಯಾಕ್ಟರ್ ಏರಿಸಿ, ಹಳೇ ಚೀಟಿಯ ಖಾಲಿ ತೂಕ ಜೊತಿ ತಾಳೆ ಹಾಕ್ರಿ, ಟ್ರ್ಯಾಕ್ಟರ್ ಡ್ರೈವರನ್ನ ಕೆಳಗ ಇಳಿಸಿ ತೂಕ ಹಾಕ್ರಿ ಮತ್ತ.