ಮುದಿ ಕರಿಯನ ಕಿವಿ ಉಳಿಸಿದ್ದು

ನಮ್ಮನೆ ನಾಯಿ ಕರಿಯನಿಗೆ 11 ವರ್ಷ, ತುಂಬಾ ಸಾಧು, ಅವನ ಜೊತೆಗೆ 3 ತಿಂಗಳ ಮರಿ ತಂದ್ವಿ ನೋಡಿ, ಕೋಲಾರದ ನಮ್ಮ ಚಿಕ್ಕ ಮನೇಲಿ ಒಂದೇ ರಂಪ. ಮರಿ ಹೊತ್ತು ಗೊತ್ತಿಲ್ದೆ ಅವನ ಕಿವಿಗೆ ಜೋತುಬೀಳೋದು, ಅವನು ಪಾಪ ಮುಖ ತಿರುಗಿಸ್ಕೊಂಡು ತುಟಿ ನೆಕ್ಕೊಂಡು ಸುಮ್ನಿರೋನು. ಒಂದಿನ ಗುರ್ ಅಂದ, ನಾನು ಅವನಿಗೇ ಬೈದೆ. ಅದೇ ತಪ್ಪು ಮಾಡಿದ್ದು. ಗುರ್ ಅಂದ್ರೆ "ಸಾಕು ಕಣೋ" ಅಂತ, ಅದಕ್ಕೂ ಬೈದ್ರೆ ನಾಳೆ ಹೇಳ್ದೆ ಕೇಳ್ದೆ ಕಚ್ಚಬಹುದು.

ಆಮೇಲೆ ಮನೆ ಒಳಗೂ ಮರಿಗೆ ಹಗುರವಾದ ಹಗ್ಗ ಕಟ್ಟಿಟ್ಟೆ, ಕಿವಿಗೆ ಬಾಯಿ ಹಾಕಿದ ತಕ್ಷಣ ಕೂಗಾಡ್ದೆ ಹಗ್ಗ ಹಿಡ್ಕೊಂಡು ಪಕ್ಕದ ರೂಮಿಗೆ, ಒಂದೆರಡು ನಿಮಿಷ ಅಷ್ಟೇ. ಕರಿಯನ ಹತ್ರ ತೆಪ್ಪಗೆ ಕೂತ್ರೆ ಬೇಯಿಸಿದ ಮೊಟ್ಟೆ ಚೂರು. ಊಟ ಬೇರೆ ಬೇರೆ ಕಡೆ. ಕರಿಯ ಮಲಗೋ ಗೋಣಿಚೀಲದ ಹತ್ರ ಮರಿಗೆ ನೋ ಎಂಟ್ರಿ.

ನಿಜವಾಗ್ಲೂ ಕೆಲಸ ಮಾಡಿದ್ದು ನಿದ್ದೆ. ಸಂಜೆ ಏಳಾದ್ರೆ ಮರಿಗೆ ದೆವ್ವ ಹಿಡಿದಂಗೆ ಆಗೋದು, ಆಟ ಸಾಲ್ಲಿಲ್ಲ ಅನ್ಕೊಂಡು ನಾನು ಇನ್ನೂ ಓಡಿಸ್ತಿದ್ದೆ, ನೋಡಿದ್ರೆ ಅದಕ್ಕೆ ಸಾಲದೇ ಇದ್ದಿದ್ದು ನಿದ್ದೆ, ಈ ವಯಸ್ಸಿಗೆ ದಿನಕ್ಕೆ ಸುಮಾರು 18 ಗಂಟೆ ಬೇಕು.

ಐದು ವಾರ ಆಯ್ತು. ಈಗ ಕರಿಯ ಮುಖ ತಿರುಗಿಸಿದ್ರೆ ಸಾಕು, ಮರಿ ಹಿಂದಕ್ಕೆ ಸರಿದು ಹವಾಯಿ ಚಪ್ಪಲಿ ಹುಡುಕ್ಕೊಂಡು ಹೋಗುತ್ತೆ. ಚಪ್ಪಲಿ ನಮ್ಮಪ್ಪಂದು.